ಹೊತ್ತಿಗೆ ಊಟ: ಇದೂ ಕೂಲಿಯ ಒಂದು ಭಾಗವೇ



ಆಯುರ್ವೇದದ ಪ್ರಕಾರ ಊಟ ಮಾಡಿರಿ ಎಂಬ ಉಪದೇಶ ಈಗ ಎಲ್ಲ ಕಡೆ ಕೇಳಿಬರುತ್ತದೆ. ಅದರ ಬೆನ್ನಿಗೇ ಚ್ಯವನಪ್ರಾಶದ ಡಬ್ಬಿ, ಆಕಳ ತುಪ್ಪ, ಬದಾಮಿ, ಜೇನು ಎಂದು ಒಂದು ಪಟ್ಟಿ ಬರುತ್ತದೆ. ಪಟ್ಟಿ ಕೇಳಿದ ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಕೂಲಿ ಜನ, "ಅದು ಉಳ್ಳವರ ಶಾಸ್ತ್ರ, ನಮಗ್ಯಾಕೆ ಬೇಕ್ರಿ" ಎಂದು ಸುಮ್ಮನಾಗುತ್ತಾರೆ. ಈ ಅಭಿಪ್ರಾಯ ಸರಿಯಲ್ಲ. ಆ ಶಾಸ್ತ್ರದ ಮುಖ್ಯ ನಿಯಮಗಳಿಗೆ ದುಡ್ಡು ಹೆಚ್ಚು ಬೇಕಿಲ್ಲ. ಬೇಕಾಗಿರುವುದು ಹೊತ್ತು. ಆ ಹೊತ್ತನ್ನೇ ನಮ್ಮ ಕೈಯಿಂದ ಕಸಿದುಕೊಳ್ಳಲಾಗಿದೆ. ಈ ಲೇಖನದಲ್ಲಿ ಹೇಳಬೇಕಾಗಿರುವುದು ಇದೊಂದೇ ಮಾತು.

ಚರಕಸಂಹಿತೆ ಎಂಬ ಹಳೆಯ ಗ್ರಂಥದ ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಊಟದ ಕ್ರಮವನ್ನು ಹೇಳಿದೆ. ಊಟ ಬಿಸಿಯಾಗಿರಬೇಕು, ತುಸು ಜಿಡ್ಡು ಇರಬೇಕು. ಅಳತೆ ಮೀರಬಾರದು. ಮೊದಲು ಉಂಡದ್ದು ಅರಗಿದ ಮೇಲೆ ಉಣ್ಣಬೇಕು. ಒಂದಕ್ಕೊಂದು ಹೊಂದದ್ದನ್ನು ಕೂಡಿಸಿ ತಿನ್ನಬಾರದು. ಒಳ್ಳೆಯ ಜಾಗದಲ್ಲಿ ಕುಳಿತು, ಅವಸರ ಮಾಡದೆ, ಬಹಳ ತಡವನ್ನೂ ಮಾಡದೆ, ಮನಸ್ಸಿಟ್ಟು ಉಣ್ಣಬೇಕು. ಹೊಟ್ಟೆಯನ್ನು ಮೂರು ಪಾಲು ಮಾಡಿ ಒಂದು ಪಾಲು ಗಟ್ಟಿ ಆಹಾರಕ್ಕೆ, ಒಂದು ಪಾಲು ನೀರಿನಂಥದ್ದಕ್ಕೆ ಕೊಟ್ಟು, ಒಂದು ಪಾಲನ್ನು ದೇಹದೊಳಗಿನ ವಾತ, ಪಿತ್ತ, ಕಫಗಳ ಓಡಾಟಕ್ಕೆ ಬಿಡಬೇಕೆಂದು ಮುಂದಿನ ಅಧ್ಯಾಯ ಹೇಳುತ್ತದೆ. ಉಪ್ಪನ್ನು ಅತಿಯಾಗಿ ತಿನ್ನಬೇಡಿ ಎಂದೂ ಎಚ್ಚರಿಸಿದೆ. ಇಂದು ವಿಶ್ವ ಆರೋಗ್ಯ ಸಂಸ್ಥೆಯೂ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ.

ಇದರಲ್ಲಿ ಬದಾಮಿ ಎಲ್ಲಿದೆ? ಆಯಾ ನಾಡಿನ, ಆಯಾ ಕಾಲದ, ಅವರವರ ಮೈಗೆ ರೂಢಿಯಾದ ಆಹಾರವನ್ನೇ ನೋಡಿ ಉಣ್ಣಬೇಕೆಂಬುದು ಆ ಗ್ರಂಥದ ಮಾತು. ಮಾಂಸದ ಸಾರು ಮೈಗೆ ಬಲವೆಂದೂ ಅದು ಹೇಳಿದೆ. ಆದ್ದರಿಂದ ತತ್ತಿ, ಮೀನು, ಮಾಂಸ ಉಣ್ಣುವವರು ಆಯುರ್ವೇದಕ್ಕೆ ಹೊರಗಿನವರೆಂದು ಯಾರಾದರೂ ಹೇಳಿದರೆ ಅವರು ಗ್ರಂಥ ಓದಿಲ್ಲವೆಂದೇ ತಿಳಿಯಬೇಕು.

ನಮ್ಮ ಗಡಿಸೀಮೆಯ ಅಡುಗೆಯನ್ನೇ ನೋಡಿರಿ. ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿಪಲ್ಯ, ಅಗಸಿ ಹಿಂಡಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗೆ, ಬೇಸಿಗೆಗೆ ಅಂಬಲಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, 4 ಮಿಲಿಗ್ರಾಂ ಕಬ್ಬಿಣದ ಅಂಶ ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಬೇಳೆ, ಸೊಪ್ಪು ಸೇರಿದರೆ ದುಡಿಯುವ ಮೈಗೆ ಇದಕ್ಕಿಂತ ಒಳ್ಳೆಯ ಊಟ ಬೇಕಿಲ್ಲ.

ಆದರೆ ಈ ಊಟ ನಮ್ಮಿಂದ ದೂರ ಸರಿಯುತ್ತಿದೆ. ಹಿಂದೆ ಸುಗ್ಗಿಯ ಕೂಲಿಯನ್ನು ಜೋಳದಲ್ಲೇ ಅಳೆದು ಕೊಡುತ್ತಿದ್ದರು. ಈಗ ಜೋಳ, ಹೆಸರು ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಸೋಯಾಬೀನ್ ನಿಂತಿದೆ. ಅದು ಬಂಡಿ ಏರಿ ಪೇಟೆಗೆ ಹೋಗುತ್ತದೆ, ಕೂಲಿಯವನ ಮಡಕೆಗೆ ಬರುವುದಿಲ್ಲ. ರೇಶನ್ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಅಕ್ಕಿ, ಗೋಧಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ದೊಡ್ಡ ಹೋಟೆಲುಗಳಲ್ಲಿ ಜೋಳದ ಭಕ್ಷ್ಯ ಮಾಡಿ ಬಡಿಸಿದರು. ಜೋಳ ಬೆಳೆದವರ ಮಕ್ಕಳು ಅದೇ ಹೊತ್ತಿಗೆ ಚಹಾದಲ್ಲಿ ಬಿಸ್ಕೀಟು ಅದ್ದಿ ತಿನ್ನುತ್ತಿದ್ದರು.

ಇನ್ನು ಹೊತ್ತಿನ ಸಂಗತಿ. ದೀಪಾವಳಿಯ ಹೊತ್ತಿಗೆ ಮುಕಾದಮನಿಂದ ಉಚಲ ತೆಗೆದುಕೊಂಡು ಗಂಡ ಹೆಂಡತಿ ಸೇರಿ ಒಂದು ಕೋಯ್ತಾ ಎಂದು ಕಬ್ಬು ಕಡಿಯಲು ಹೋಗುವ ಕುಟುಂಬಗಳನ್ನು ನೀವು ಬಲ್ಲಿರಿ. ಹೆಂಗಸು ನಸುಕಿನಲ್ಲೆದ್ದು ರೊಟ್ಟಿ ಬಡಿದು ಗಂಟು ಕಟ್ಟುತ್ತಾಳೆ. ಆ ರೊಟ್ಟಿ ಬಾಯಿಗೆ ಹೋಗುವುದು ಗಾಡಿ ತುಂಬಿದ ಮೇಲೆ. ಗಾಡಿ ಯಾವಾಗ ತುಂಬೀತೆಂದು ಯಾರೂ ಹೇಳಲಾರರು. ರಾತ್ರಿ ಗುಡಿಸಲಿಗೆ ಬಂದು ಮತ್ತೆ ಒಲೆ ಹಚ್ಚಿ, ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಅವಳು ಉಣ್ಣುತ್ತಾಳೆ. ಬಿಸಿ ಊಟ, ಅವಸರವಿಲ್ಲದ ಊಟ, ಒಳ್ಳೆಯ ಜಾಗದಲ್ಲಿ ಊಟ ಎಂಬ ಚರಕನ ಮಾತನ್ನು ಈ ತಂಗಿಗೆ ಯಾವ ಮುಖದಿಂದ ಹೇಳುವುದು?

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಉಪದೇಶ ಮಾಡುವವರು ಇದನ್ನು ನಮಗೆ ಹೇಳುವುದಿಲ್ಲ. ದೇಹದ 13 ಸಹಜ ವೇಗಗಳನ್ನು ತಡೆಹಿಡಿಯಬಾರದೆಂದು ಸೂತ್ರಸ್ಥಾನದ ಏಳನೆಯ ಅಧ್ಯಾಯ ಹೇಳುತ್ತದೆ. ಹಸಿವು, ಬಾಯಾರಿಕೆ, ನಿದ್ದೆ, ಮಲಮೂತ್ರ, ದುಡಿದು ದಣಿದಾಗ ಬರುವ ಏದುಸಿರು, ಇವೆಲ್ಲ ಆ ಪಟ್ಟಿಯಲ್ಲಿವೆ. ಹಸಿವನ್ನು ತಡೆದರೆ ಮೈ ಬಡಕಲಾಗುತ್ತದೆ, ನಿಶ್ಶಕ್ತಿ, ಮೈಕೈ ನೋವು, ತಲೆಸುತ್ತು ಬರುತ್ತದೆ, ಊಟದ ಮೇಲಿನ ರುಚಿಯೇ ಹೋಗುತ್ತದೆ ಎಂದು ಬರೆದಿದೆ. ನಮ್ಮ ಗ್ಯಾಂಗುಗಳಲ್ಲಿ, ದಾಲ್ ಮಿಲ್ಲುಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ ದಿನವೂ ಕೇಳುವ ದೂರುಗಳು ಇವೇ ಅಲ್ಲವೇ? ಕೆಲಸದ ಕಡೆ ಶೌಚಾಲಯವಿಲ್ಲವೆಂದು ಎಷ್ಟೋ ಹೆಂಗಸರು ನೀರನ್ನೇ ಕುಡಿಯದೆ ಸಂಜೆ ಮಾಡುತ್ತಾರೆ. ಒಂದರ ಬದಲು ಎರಡು ವೇಗಗಳನ್ನು ತಡೆದಂತಾಯಿತು.

ಹಾಗಾದರೆ ಊಟದ ಹೊತ್ತು ಆರೋಗ್ಯದ ಪ್ರಶ್ನೆಯಷ್ಟೇ ಅಲ್ಲ, ಅದು ಕಾರ್ಮಿಕರ ಹಕ್ಕಿನ ಪ್ರಶ್ನೆ. ಇದನ್ನು ನಮ್ಮ ಹಿರಿಯರು ಅರಿತಿದ್ದರು. 1948ರ ಕಾರ್ಖಾನೆ ಕಾಯಿದೆಯಲ್ಲೂ 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೂ, ಐದು ತಾಸಿಗಿಂತ ಹೆಚ್ಚು ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ತಾಸಾದರೂ ಬಿಡುವು ಕೊಡಬೇಕು ಎಂದು ಬರೆಯಲಾಗಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆ ಬಂದಿದೆ. ದಿನಕ್ಕೆ ಎಂಟು ತಾಸಿನ ಕೆಲಸವೆಂದು ಅದರಲ್ಲಿದೆ. ನಡುವಿನ ಬಿಡುವು ಎಷ್ಟೆಂಬುದನ್ನು ಮಾತ್ರ ಸರ್ಕಾರದ ಅಧಿಸೂಚನೆಗೆ ಬಿಡಲಾಗಿದೆ. ಆದ್ದರಿಂದ ಆ ಅರ್ಧ ತಾಸಿನ ಮೇಲೆ ಯೂನಿಯನ್ನುಗಳು ಕಣ್ಣಿಡಲೇಬೇಕು. ತೋಟದ ಲೈನುಮನೆಯಲ್ಲಿ ಇದನ್ನು ಓದುತ್ತಿರುವವರಿಗೂ ಇದು ಸಂಬಂಧಿಸಿದ್ದೇ. ಕಬ್ಬಿನವರದು ಟನ್ನಿನ ಲೆಕ್ಕ. ಕುಳಿತು ಉಂಡರೆ ಟನ್ನು ಕಡಿಮೆಯಾಗುತ್ತದೆ. ಹಾಗಿರುವಾಗ ಟನ್ನಿನ ದರ ಕಟ್ಟುವಾಗಲೇ ಊಟದ ಹೊತ್ತನ್ನೂ ಸೇರಿಸಿ ಕಟ್ಟಬೇಕೆಂದು ಕೇಳುವುದು ನ್ಯಾಯ.

"ಮೊದಲು ಕೂಲಿ ಹೆಚ್ಚಾಗಲಿ, ಊಟ ತಾನೇ ಸರಿಹೋಗುತ್ತದೆ" ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ಕೂಲಿ ಹೆಚ್ಚಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಚ್ಚಿದ ಕೂಲಿ ದಾರೂ ಅಂಗಡಿಗೆ, ಗುಟ್ಕಾಕ್ಕೆ ಹೋದುದನ್ನು ನಾವು ಕಂಡಿದ್ದೇವೆ. ಮಹಾರಾಷ್ಟ್ರ ಸರ್ಕಾರ 2012ರಲ್ಲೇ ಗುಟ್ಕಾ ನಿಷೇಧಿಸಿದರೂ ಅದು ಕದ್ದುಮುಚ್ಚಿ ಸಿಗುತ್ತಲೇ ಇದೆ. ಹೊತ್ತಿಗೆ ಊಟವಿಲ್ಲದವನು ಹಸಿವು ಮುಚ್ಚಲು ಗುಟ್ಕಾ ಹಾಕುತ್ತಾನೆ, ಹೆಂಗಸು ಮಿಶ್ರಿ ತಿಕ್ಕುತ್ತಾಳೆ, ಮಗು ಬರೀ ಚಹಾ ಕುಡಿಯುತ್ತದೆ. ಇದರಿಂದ ಹಸಿವು ಸಾಯುತ್ತದೆ, ಹೊಟ್ಟೆ ತುಂಬುವುದಿಲ್ಲ.

ಆದಕಾರಣ ಎರಡೂ ಕಡೆ ಕೆಲಸವಾಗಬೇಕು. ಮನೆಯಲ್ಲಿ: ಬರೀ ಹೊಟ್ಟೆಗೆ ಚಹಾ ಬೇಡ, ಅರ್ಧ ರೊಟ್ಟಿಯಾದರೂ ಇರಲಿ. ದಿನಕ್ಕೊಮ್ಮೆ ಬೇಳೆ, ಒಂದು ಹಿಡಿ ಸೊಪ್ಪು ತಪ್ಪದಿರಲಿ. ಬಿಸಿಲಲ್ಲಿ ದುಡಿಯುವವರು ಬಾಯಾರುವ ಮುಂಚೆಯೇ ನೀರು, ಅಂಬಲಿ ಕುಡಿಯಲಿ. ಮನೆಯವರೆಲ್ಲ ಕೂಡಿ ಕುಳಿತು ಉಣ್ಣಲಿ. ಬಡಿಸಿದವಳಿಗೆ ತಳದ ಸಾರು ಮಾತ್ರ ಉಳಿಯುವ ಪದ್ಧತಿ ನಿಲ್ಲಲಿ. ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆಯವರು, ಕ್ಷಯದವರು ಪಥ್ಯವೊಂದನ್ನೇ ನಂಬದೆ ಸರ್ಕಾರಿ ದವಾಖಾನೆಗೆ ತೋರಿಸಿಕೊಳ್ಳಲಿ.

ಕೆಲಸದ ಕಡೆ: ಊಟಕ್ಕೆ ಅರ್ಧ ತಾಸು, ಕೂಡಲು ನೆರಳು, ಕುಡಿಯಲು ನೀರು, ಹೆಂಗಸರಿಗೆ ಶೌಚಾಲಯ. ಈ ನಾಲ್ಕನ್ನೂ ಉಚಲ ಎಣಿಸಿಕೊಳ್ಳುವ ದಿನವೇ ಮಾತಾಡಿಕೊಳ್ಳಬೇಕು, ಆಮೇಲೆ ಕೇಳಿದರೆ ಯಾರೂ ಕಿವಿಗೊಡರು. ವಲಸೆ ಹೋಗುವಾಗ ರೇಶನ್ ಕಾರ್ಡು ಜೊತೆಗಿರಲಿ. ಯಾವ ಊರಿನ ಅಂಗಡಿಯಲ್ಲಾದರೂ ಧಾನ್ಯ ಪಡೆಯುವ ವ್ಯವಸ್ಥೆ ಈಗ ಇಡೀ ದೇಶದಲ್ಲಿದೆ. ಆದ್ಯತೆಯ ಕಾರ್ಡಿಗೆ ತಲೆಗೆ ತಿಂಗಳಿಗೆ 5 ಕಿಲೋ. ಅದರಲ್ಲಿ ಜೋಳವನ್ನೂ ಕೊಡಿರೆಂದು ಗ್ರಾಮಸಭೆಯಲ್ಲಿ ಎದ್ದು ಕೇಳೋಣ.

ನಾಡಿಗೆಲ್ಲ ಸಕ್ಕರೆ, ಬೇಳೆ, ಕಾಫಿ ಒದಗಿಸುವ ಕೈಗಳು ನಮ್ಮವು. ಆ ಕೈ ತೊಳೆದು, ನೆರಳಲ್ಲಿ ಕುಳಿತು, ಬಿಸಿ ಊಟ ಉಣ್ಣಲು ಅರ್ಧ ತಾಸು ಕೇಳುವುದು ಭಿಕ್ಷೆಯಲ್ಲ. ಈ ಸಲದ ಹಂಗಾಮಿಗೆ ಹೊರಡುವ ಮುಂಚೆ ಪ್ರತಿಯೊಂದು ಗ್ಯಾಂಗಿನವರೂ ಕುಳಿತು ಇದನ್ನು ನಿರ್ಧಾರ ಮಾಡಿಕೊಳ್ಳಲಿ.