ಕಡತದಿಂದ ಹೊರಬಂದ ಕಾಡು

ಉಡುಪಿ, ಕಾಪು, ಕಾರ್ಕಳ ಕಡೆಯ ಹಳ್ಳಿಗಳಲ್ಲಿ ಬೈಲಿನ ಗದ್ದೆ ಮುಗಿದು ಗುಡ್ಡೆ ಆರಂಭವಾಗುವ ಅಂಚಿನ ಭೂಮಿಗೆ ಕುಮ್ಕಿ ಎಂದು ಹೆಸರು. ಸಹಾಯ ಎಂಬ ಅರ್ಥದ ಪಾರಸಿ ಶಬ್ದದಿಂದ ಬಂದ ಹೆಸರಿದು. ಹಿಂದಿನಿಂದ ಸಾಗುವಳಿಯಲ್ಲಿರುವ ವರ್ಗ ಜಮೀನಿನ ಗಡಿಯಿಂದ 100 ಗಜದೊಳಗಿನ ಸರಕಾರಿ ಭೂಮಿಯಲ್ಲಿ ಗದ್ದೆಗೆ ಸೊಪ್ಪು, ಹಟ್ಟಿಗೆ ತರಗೆಲೆ, ಒಲೆಗೆ ಸೌದೆ ತರುವ ಹಾಗೂ ದನ ಮೇಯಿಸುವ ಸವಲತ್ತು ಕೃಷಿಕನಿಗಿತ್ತು. ಒಡೆತನ ಮಾತ್ರ ಸರಕಾರದ್ದು. ಮದ್ರಾಸ್ ಆಡಳಿತದಲ್ಲಿ ನೆಲೆಗೊಂಡ ಈ ಏರ್ಪಾಡು 1956ರ ಏಕೀಕರಣದ ತರುವಾಯವೂ ಮುಂದುವರಿಯಿತು.

1882ರ ಮದ್ರಾಸ್ ಅರಣ್ಯ ಕಾಯಿದೆಯು ಕಾಡುಗಳನ್ನು ಮೀಸಲು ಅರಣ್ಯವೆಂದು ಘೋಷಿಸಲು ದಾರಿ ಮಾಡಿತು. ಆದರೆ ಊರೊಳಗಿನ ಎಷ್ಟೋ ಗುಡ್ಡೆಗಳು ಮರಗಳಿದ್ದರೂ ಕಂದಾಯ ಭೂಮಿಯಾಗಿಯೇ ಉಳಿದವು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಒಡೆತನ ಯಾರದ್ದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲವೂ ಕಾಡೇ ಎಂದು ಸಾರಿತು. ಜನರು ಡೀಮ್ಡ್ ಫಾರೆಸ್ಟ್ ಎಂದು ಕರೆಯುವ ಪರಿಭಾವಿತ ಅರಣ್ಯದ ಪಟ್ಟಿ ಸಿದ್ಧವಾದದ್ದು ಹೀಗೆ.

ಕರ್ನಾಟಕದಲ್ಲಿ ಈ ಪಟ್ಟಿಯ ವಿಸ್ತೀರ್ಣ 9.94 ಲಕ್ಷ ಹೆಕ್ಟೇರ್ ಆಗಿತ್ತು. ಇದರೊಳಗೆ ಮನೆ, ಶಾಲೆ, ತೋಟಗಳಿದ್ದ ನೆಲವೂ ಸೇರಿದ್ದರಿಂದ ಹಕ್ಕುಪತ್ರ ಸಿಗದೆ ಬಡ ಕುಟುಂಬಗಳು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದವು. ಅವರ ಅಳಲು ನ್ಯಾಯವಾದದ್ದೇ. 2022ರಲ್ಲಿ ರಾಜ್ಯ ಸರಕಾರವು ಪಟ್ಟಿಯನ್ನು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಉಳಿದ 6.64 ಲಕ್ಷ ಹೆಕ್ಟೇರ್ ಕಡತದಲ್ಲಿ ಮಾಜಿ ಕಾಡಾಯಿತು. ಅನಂತರ 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮುಂದಿನ ತೀರ್ಮಾನದವರೆಗೆ 1996ರ ವ್ಯಾಖ್ಯೆಯನ್ನೇ ಅನುಸರಿಸುವಂತೆ ಮಧ್ಯಂತರ ಆದೇಶ ನೀಡಿತು.

ಓದುಗ ಬಂಧುಗಳೇ, ಕಡತದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಗುಡ್ಡೆಯ ಕೆಲಸ ಬದಲಾಗುವುದಿಲ್ಲ. ಮುರಕಲ್ಲಿನ ಈ ಗುಡ್ಡೆಗಳು ಮಳೆನೀರನ್ನು ಹೀರಿ, ಬೈಲಿನ ಬಾವಿಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತವೆ. ಇಂದು ಎತ್ತರದ ಕಟ್ಟಡಗಳಿಂದ ತುಂಬಿರುವ ಮಣಿಪಾಲಕ್ಕೂ ಹೆಸರು ಬಂದದ್ದು ಅಲ್ಲಿನ ಮಣ್ಣುಪಳ್ಳ ಎಂಬ ಕೆರೆಯಿಂದ. ಉಡುಪಿ, ಮಣಿಪಾಲಗಳಿಗೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು 2019ರ ಮೇ ತಿಂಗಳಲ್ಲಿ ಬರಿದಾದಾಗ, ಸಮೃದ್ಧ ಮಳೆಯ ನಾಡಿನವರೂ ಟ್ಯಾಂಕರಿನ ದಾರಿ ಕಾಯಬೇಕಾಯಿತು.

ಹಿಂದೆ ಕುಮ್ಕಿಯನ್ನು ಕಾದದ್ದು ಕಾನೂನಿಗಿಂತ ಹೆಚ್ಚಾಗಿ ಅಗತ್ಯ. ಈ ವರ್ಷ ಬುಡ ಕಡಿದರೆ ಮುಂದಿನ ವರ್ಷ ಗದ್ದೆಗೆ ಸೊಪ್ಪಿಲ್ಲವೆಂಬುದು ಮನೆಯ ಮಕ್ಕಳಿಗೂ ತಿಳಿದಿತ್ತು. ಚೀಲದ ಗೊಬ್ಬರ ಮತ್ತು ಗ್ಯಾಸ್ ಒಲೆ ಬಂದ ಮೇಲೆ ಆ ನಂಟು ಸಡಿಲಾಯಿತು. ಈಗ ಕಾನೂನಿನ ಕಾವಲೂ ಹಿಂದೆ ಸರಿದರೆ ಆ ಮರಗಳಿಗೆ ದಿಕ್ಕು ಯಾರು?

ನ್ಯಾಯವಾದ ಹಕ್ಕುಪತ್ರ ದೊರೆಯಲೇಬೇಕು. ಆದರೆ ಹಕ್ಕು ಕೈಸೇರಿದ ದಿನವೇ ಕೊಡಲಿ ಎತ್ತಬೇಕೆಂದಿಲ್ಲ. ಗುಡ್ಡೆಯ ನೆತ್ತಿಯ ಮರಗಳನ್ನು ಉಳಿಸುವುದು, ನೀರು ಹರಿಯುವ ತೋಡನ್ನು ಮುಚ್ಚದಿರುವುದು, ಕಲ್ಲು ತೆಗೆದ ಹೊಂಡದ ಸುತ್ತ ಗಿಡ ನೆಡುವುದು, ಇಷ್ಟು ಪ್ರತಿಯೊಂದು ಕುಟುಂಬಕ್ಕೂ ಸಾಧ್ಯ. ಸಹಾಯವೆಂದೇ ಹೆಸರು ಹೊತ್ತ ಭೂಮಿಗೆ ನಾವು ಸಲ್ಲಿಸಬೇಕಾದ ಸಹಾಯವಿದು.