ಅಂಚೆಯವರು ಬರೆದ ಕಾನೂನು

ಎಲ್ಲಾದರೂ ಯುದ್ಧ ಶುರುವಾದರೆ ಸಾಕು, ಅಂತರರಾಷ್ಟ್ರೀಯ ಕಾನೂನಿಗೆ ಹಲ್ಲಿಲ್ಲ ಎಂಬ ಮಾತು ಕೇಳಿಬರುತ್ತದೆ. ದೂರು ಸುಳ್ಳಲ್ಲ. ಆದರೆ ಹೇಗ್ ನಗರದ ನ್ಯಾಯಾಲಯ, ಭದ್ರತಾ ಮಂಡಳಿಯ ವೀಟೊ ಇಷ್ಟನ್ನೇ ನೋಡಿ ತೀರ್ಮಾನಕ್ಕೆ ಬರುವವರು ಅಂಚೆ ಕಚೇರಿಯನ್ನು ಮರೆತಿರುತ್ತಾರೆ.

ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಪರದೇಶಕ್ಕೆ ಕಾಗದ ಹಾಕುವುದು ತಲೆನೋವಿನ ಕೆಲಸ. ಹಾದುಹೋಗುವ ಒಂದೊಂದು ದೇಶಕ್ಕೂ ಅದರ ಪಾಲು ಸಲ್ಲಬೇಕು. ದಾರಿ ಬದಲಾದರೆ ದರವೂ ಬದಲು. ಜರ್ಮನಿಯ ಅಂಚೆ ಮುಖ್ಯಸ್ಥ ಹೈನ್ರಿಖ್ ಫಾನ್ ಸ್ಟೆಫಾನ್ ಪಟ್ಟು ಹಿಡಿದ ಫಲವಾಗಿ 1874ರಲ್ಲಿ ಬರ್ನ್‌ನಲ್ಲಿ 22 ದೇಶಗಳು ಒಂದು ಒಪ್ಪಂದಕ್ಕೆ ಬಂದವು: ಕಾಗದದ ಮಟ್ಟಿಗೆ ಸದಸ್ಯ ದೇಶಗಳೆಲ್ಲ ಸೇರಿ ಒಂದೇ ಪ್ರದೇಶ. ಅಂಚೆಚೀಟಿಯ ಹಣ ಕಾಗದ ಹೊರಟ ದೇಶಕ್ಕೇ ಸೇರತಕ್ಕದ್ದು. ಕಾಗದಕ್ಕೊಂದು ಉತ್ತರ ಬಂದೇ ಬರುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬುದು ಅವರ ನಂಬಿಕೆ. ಸಂಪಾದಕರೆಂಬ ಜಾತಿಯನ್ನು ಅವರು ಗಣನೆಗೆ ತೆಗೆದುಕೊಂಡಿರಲಿಲ್ಲ.

ಕಾನೂನಿನ ದೃಷ್ಟಿಯಿಂದ ಸ್ವಾರಸ್ಯವಿರುವುದು ಒಪ್ಪಂದದ ಉಳಿದ ಕಲಮುಗಳಲ್ಲಿ. ಅದರ ಅರ್ಥದ ಬಗ್ಗೆ ಜಗಳವಾದರೆ ಮಧ್ಯಸ್ಥರು ತೀರ್ಮಾನಿಸಬೇಕು. ಬರ್ನ್‌ನಲ್ಲಿ ಒಂದು ಕಾಯಂ ಕಚೇರಿ ಇರಬೇಕು. 1878ರ ಹೊತ್ತಿಗೆ ತಿದ್ದುಪಡಿಯ ನಿಯಮವೂ ಬಂತು: ಮುಖ್ಯ ವಿಧಿಗಳಿಗೆ ಸರ್ವಾನುಮತ, ಉಳಿದವಕ್ಕೆ ಮೂರರಲ್ಲಿ ಎರಡು ಪಾಲು ಮತ, ಬರೀ ಅರ್ಥವಿವರಣೆಗೆ ಸರಳ ಬಹುಮತ. ತಾನು ಒಪ್ಪದ ನಿಯಮಕ್ಕೆ ಯಾವ ರಾಜ್ಯವೂ ಬದ್ಧವಲ್ಲ ಎಂದು ಪಂಡಿತರು ಪಾಠ ಹೇಳುತ್ತಿದ್ದ ಕಾಲದಲ್ಲಿ, ಮತದಲ್ಲಿ ಸೋತ ಸರ್ಕಾರವೂ ತಲೆಬಾಗುವ ರೂಢಿಯನ್ನು ಅಂಚೆಯ ಅಧಿಕಾರಿಗಳು ಸದ್ದಿಲ್ಲದೆ ತಂದುಬಿಟ್ಟರು.

ಇದೇ ಕೂಟಕ್ಕೆ 1876ರಲ್ಲಿ ಬ್ರಿಟಿಷ್ ಇಂಡಿಯಾ ಸೇರಿತು. ಸ್ವಾತಂತ್ರ್ಯವಿಲ್ಲದ ದೇಶಕ್ಕೆ ಸದಸ್ಯತ್ವ! ಆ ಮತ ಲಂಡನ್ನಿಗೆ ಸಿಕ್ಕ ಹೆಚ್ಚುವರಿ ಮತವೇ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆಗಿನ್ನೂ ಸ್ವಂತ ಅಂಚೆ ನಡೆಸುತ್ತಿದ್ದ ಮೈಸೂರಿಗೆ ಅಂಥ ಜಾಗ ಸಿಗಲಿಲ್ಲ. 1889ರಲ್ಲಿ ನಮ್ಮ ಅಂಚೆ ಇಂಪೀರಿಯಲ್ ಅಂಚೆಯೊಳಗೆ ಕರಗಿತು. ಆದರೂ ಪೂರ್ಣ ರಾಜ್ಯವಲ್ಲದ್ದೂ ಮೇಜಿನ ಮುಂದೆ ಕೂರಬಹುದು ಎಂಬ ವಾಡಿಕೆ ಬೆಳೆಯಿತು. 1920ರಲ್ಲಿ ಆರಂಭವಾದ ರಾಷ್ಟ್ರಸಂಘದ ಮೂಲ ಸದಸ್ಯರ ಪಟ್ಟಿಯಲ್ಲಿ ಭಾರತವೂ ಇತ್ತು.

ಹಾಗಾದರೆ ಇಂಥ ಸಂಸ್ಥೆಗಳೇ ಕಾನೂನಿನ ಕಣ್ಣಿಗೆ ಏನು? ಈ ಪ್ರಶ್ನೆ ಮೊದಲು ಗಟ್ಟಿಯಾಗಿ ಎದ್ದದ್ದು ಒಂದು ನದಿಯಿಂದ. ಡ್ಯಾನ್ಯೂಬ್ ನದೀಮುಖದ ಹಡಗು ಸಂಚಾರ ನೋಡಿಕೊಳ್ಳಲು 1856ರಲ್ಲಿ ಹುಟ್ಟಿದ ಯುರೋಪಿಯನ್ ಆಯೋಗ ಸುಂಕ ವಸೂಲಿ ಮಾಡುತ್ತಿತ್ತು, ನಿಯಮ ಮುರಿದವರಿಗೆ ದಂಡ ಹಾಕುತ್ತಿತ್ತು. ಅದರ ಅಧಿಕಾರ ಎಲ್ಲಿಯವರೆಗೆ ಎಂದು ರುಮೇನಿಯಾ ತಕರಾರು ತೆಗೆದಾಗ, 1927ರಲ್ಲಿ ಹೇಗ್‌ನ ಕಾಯಂ ನ್ಯಾಯಾಲಯ ಹೇಳಿತು: ಆಯೋಗ ರಾಜ್ಯವಲ್ಲ, ನಿರ್ದಿಷ್ಟ ಉದ್ದೇಶದ ಸಂಸ್ಥೆ, ಅದರ ನಿಬಂಧನೆ ವಹಿಸಿಕೊಟ್ಟಷ್ಟೇ ಕೆಲಸ ಅದರದು, ಆದರೆ ಆ ಕೆಲಸವನ್ನು ಪೂರ್ತಿಯಾಗಿ ಮಾಡುವ ಅಧಿಕಾರ ಅದಕ್ಕುಂಟು.

1948ರ ಸೆಪ್ಟೆಂಬರಿನಲ್ಲಿ ವಿಶ್ವಸಂಸ್ಥೆಯ ಸಂಧಾನಕಾರ ಕೌಂಟ್ ಬರ್ನಾಡೊಟ್ ಜೆರುಸಲೇಮಿನ ಇಸ್ರೇಲ್ ಹಿಡಿತದ ಭಾಗದಲ್ಲಿ ಕೊಲೆಯಾದ. ಅದೇ ಪ್ರಶ್ನೆ ಮತ್ತೆ ಎದ್ದಿತು: ಪರಿಹಾರ ಕೇಳಲು ವಿಶ್ವಸಂಸ್ಥೆ ಯಾರು? 1949ರಲ್ಲಿ, ಕಾಯಂ ನ್ಯಾಯಾಲಯದ ಜಾಗಕ್ಕೆ ಬಂದಿದ್ದ ಅಂತರರಾಷ್ಟ್ರೀಯ ನ್ಯಾಯಾಲಯ ಉತ್ತರಿಸಿತು: ಅದು ರಾಜ್ಯವಲ್ಲ, ಆದರೆ ಹಕ್ಕುಬಾಧ್ಯತೆಗಳಿರುವ ಕಾನೂನಿನ ವ್ಯಕ್ತಿ, ತನ್ನ ಸದಸ್ಯನಲ್ಲದ ದೇಶದಿಂದಲೂ ಪರಿಹಾರ ಕೇಳಬಹುದು. ಮರುವರ್ಷ ಇಸ್ರೇಲ್ ಹಣ ಕಟ್ಟಿತು.