ರೌಟರಿನ ಕೀಲಿಕೈ ಮನೆಯವರ ಕೈಗೆ ಬರಲಿ

ನಮ್ಮ ಮನೆಗಳಲ್ಲಿ ಈಗೊಂದು ಪೆಟ್ಟಿಗೆ ಇದೆ. ಅದಕ್ಕೆ ತಿಂಗಳ ಹಣ ಕಟ್ಟುವವರು ನಾವು, ಕರೆಂಟು ಕೊಡುವವರು ನಾವು, ಧೂಳು ಒರೆಸುವವರೂ ನಾವೇ. ಕೀಲಿಕೈ ಮಾತ್ರ ಬೇರೆಯವರ ಹತ್ತಿರ. ನಾನು ವೈಫೈ ಪಾಸ್‌ವರ್ಡಿನ ಮಾತಾಡುತ್ತಿಲ್ಲ; ಅದು ಬಂದುಹೋಗುವ ನೆಂಟರ ಮಕ್ಕಳಿಗೂ ಬಾಯಿಪಾಠವಾಗಿರುತ್ತದೆ. ರೌಟರಿನ ಒಳಗೆ ಹೋಗಿ, ಅದು ಯಾರಿಗೆ ಯಾವ ದಾರಿ ಬಿಡಬೇಕು ಎಂದು ಹೇಳುವುದಕ್ಕೆ ಇನ್ನೊಂದು ಪಾಸ್‌ವರ್ಡ್ ಬೇಕು. ಅಡ್ಮಿನ್ ಪಾಸ್‌ವರ್ಡ್. ಫೈಬರ್ ಎಳೆದು ಹೋದ ಹುಡುಗನಿಗೆ ಅದು ಗೊತ್ತು, ಅವನ ಆಫೀಸಿಗೆ ಗೊತ್ತು. ಮನೆಯವರಿಗೆ ಅಂಥದ್ದೊಂದು ಇದೆ ಎಂಬುದೂ ಎಷ್ಟೋ ಸಲ ಗೊತ್ತಿರುವುದಿಲ್ಲ.

ಬರೀ ಫೋನ್ ನೋಡುತ್ತಿದ್ದ ಕಾಲಕ್ಕೆ ಇದು ಅಷ್ಟು ದೊಡ್ಡ ವಿಷಯ ಆಗಿರಲಿಲ್ಲ. ಸಿಗ್ನಲ್ ಸಿಗದಿದ್ದರೆ ಫೋನ್ ಹಿಡಿದುಕೊಂಡು ಜಗಲಿಗೆ ಹೋದರಾಯಿತು. ಈಗ ಟಿವಿಯೇ ಇಂಟರ್ನೆಟ್ಟಿಗೆ ಜೋತುಬಿದ್ದಿದೆ. ಕೇಬಲ್ಲಿನವನನ್ನು ಬಿಡಿಸಿ, ಡಿಶ್ ರೀಚಾರ್ಜ್ ನಿಲ್ಲಿಸಿ, ಸ್ಮಾರ್ಟ್ ಟಿವಿಯನ್ನೋ ಹೆಬ್ಬೆಟ್ಟು ಗಾತ್ರದ ಸ್ಟಿಕ್ಕನ್ನೋ ನಂಬಿ ಕೂತ ಮನೆಗಳು ಊರೂರಲ್ಲಿ ಇವೆ. 43 ಇಂಚಿನ ಟಿವಿಯನ್ನು ಎತ್ತಿಕೊಂಡು ಸಿಗ್ನಲ್ ಹುಡುಕುತ್ತಾ ಓಡಾಡಲು ಬರುವುದಿಲ್ಲ. ಅದು ಗೋಡೆಯ ಮೇಲೆ ಇದ್ದಲ್ಲೇ ಇರುತ್ತದೆ, ಸಿಗ್ನಲ್ಲೇ ಅದರ ಹತ್ತಿರ ಬರಬೇಕು. ಬಾರದಿದ್ದಾಗ ಪರದೆಯ ನಡುವೆ ಆ ಚಕ್ರ ಗಿರಗಿರ ತಿರುಗುತ್ತದೆ. ಕಂಪನಿಗೆ ಫೋನ್ ಮಾಡಿದರೆ ಸಿಗುವ ಉತ್ತರ ಒಂದೇ: ಪ್ಯಾಕ್ ದೊಡ್ಡದು ಮಾಡಿಸಿ.

ಈ ಉತ್ತರದ ವಿರುದ್ಧ ನನ್ನ ತಕರಾರು. ಇದು ಬೆನ್ನುನೋವಿಗೆ ಕನ್ನಡಕ ಮಾರುವ ಕೆಲಸ.

ಲೆಕ್ಕ ನೋಡಿ. 1080ಪಿ ಗುಣಮಟ್ಟದ ಚಿತ್ರಕ್ಕೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇದ್ದರೆ ಸಾಕು ಎಂದು ನೆಟ್‌ಫ್ಲಿಕ್ಸ್ ತಾನೇ ಹೇಳುತ್ತದೆ. ಅಂದರೆ 50ರ ಪ್ಯಾಕು ಸರಿಯಾಗಿ ಬಂದರೆ ಒಂದೇ ಮನೆಯಲ್ಲಿ ಮೂರು ಟಿವಿಗಳಲ್ಲಿ ಮೂರು 4ಕೆ ಸಿನಿಮಾ ಒಟ್ಟಿಗೆ ನೋಡಬಹುದು. ಒಂದು ಟಿವಿಯಲ್ಲಿ ಒಂದು ಧಾರಾವಾಹಿ ನಿಂತು ನಿಂತು ಬರುತ್ತಿದೆ ಎಂದರೆ, ಮೊದಲು ಅನುಮಾನ ಪಡಬೇಕಾದದ್ದು ಪ್ಯಾಕನ್ನಲ್ಲ, ರೌಟರಿನಿಂದ ಟಿವಿಯವರೆಗಿನ ಹತ್ತಿಪ್ಪತ್ತು ಅಡಿಗಳನ್ನು. ಆ ಹತ್ತಿಪ್ಪತ್ತು ಅಡಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಊರಾಚೆಯ ಓವರ್‌ಹೆಡ್ ಟ್ಯಾಂಕನ್ನು ಎಷ್ಟು ದೊಡ್ಡದು ಮಾಡಿದರೂ ನಮ್ಮ ಬಚ್ಚಲಿನ ನಲ್ಲಿಯಲ್ಲಿ ಸಿಕ್ಕಿಕೊಂಡ ಕಸ ಹೋಗುವುದಿಲ್ಲ. ಆದರೆ ಟ್ಯಾಂಕು ಮಾರುವವನಿಗೆ ನಲ್ಲಿಯ ಕಸದಿಂದ ಲಾಭವೇ.

ತೀರ್ಥಹಳ್ಳಿ ಕಡೆ ನನ್ನ ಸೋದರತ್ತೆಯ ಮನೆ ಇದೆ. ಹಳೆಯ ಮನೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಗಳು. ಫೈಬರ್ ಹೊರಗಿಂದ ಬಂದದ್ದು ಜಗಲಿಯ ಕಡೆಯಿಂದ, ಹಾಗಾಗಿ ರೌಟರನ್ನೂ ಅಲ್ಲೇ ಬಾಗಿಲ ಪಕ್ಕ ಮೊಳೆ ಹೊಡೆದು ನೇತುಹಾಕಿದ್ದಾರೆ. ಕೇಬಲ್ ಉಳಿಯಿತು, ಹುಡುಗನ ಹದಿನೈದು ನಿಮಿಷ ಉಳಿಯಿತು. ಟಿವಿ ಇರುವುದು ನಡುಮನೆಯಲ್ಲಿ. ಮಧ್ಯೆ ಎರಡು ಗೋಡೆ, ಒಂದು ಕಬ್ಬಿಣದ ಬೀರು. ಅತ್ತೆ ದೂರು ಹೇಳಿದಾಗ ಬಂದ ಹುಡುಗ ತನ್ನ ಫೋನನ್ನು ರೌಟರಿನ ಕೆಳಗೆ ಹಿಡಿದು ಸ್ಪೀಡ್ ತೋರಿಸಿದ, "ನೋಡಿ ಅಮ್ಮಾ, ನಮ್ದು ಸರಿಯಾಗೇ ಬರ್ತಿದೆ. ನಿಮ್ ಟಿವಿಗೆ 50 ಸಾಕಾಗಲ್ಲ, 150ಕ್ಕೆ ಹೋಗಿ" ಅಂದ. ಅತ್ತೆ ಹೋದರು. ಚಕ್ರ ತಿರುಗುವುದು ನಿಲ್ಲಲಿಲ್ಲ.

ರಜೆಗೆ ಹೋದಾಗ ನಾನು ಟಿವಿಯೊಳಗಿನ ಬ್ರೌಸರಿನಲ್ಲೇ ಸ್ಪೀಡ್ ಪರೀಕ್ಷೆ ಮಾಡಿದೆ. ಅಳೆಯಬೇಕಾದದ್ದು ಅಲ್ಲಿ ತಾನೇ? 4 ಎಂಬಿಪಿಎಸ್ ಕೂಡ ದಾಟಲಿಲ್ಲ. ಕಾರಣ ಊಹಿಸುವುದು ಕಷ್ಟವಿಲ್ಲ. ಈಗಿನ ಹೆಚ್ಚಿನ ರೌಟರುಗಳು ಎರಡು ಅಲೆಗಳಲ್ಲಿ ಕೆಲಸ ಮಾಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಐದರದ್ದು ಹತ್ತಿರದಲ್ಲಿ ಬಲು ವೇಗ, ಆದರೆ ಗೋಡೆ ದಾಟುವಾಗ ಸೋತು ಹೋಗುತ್ತದೆ. ಎರಡೂವರೆಗೆ ಹತ್ತಿರದ್ದು ನಿಧಾನ, ಆದರೆ ಗೋಡೆಗೆ ಅಷ್ಟು ಬೇಗ ಸೋಲುವುದಿಲ್ಲ. ಪೇಟೆಯ ಅಪಾರ್ಟ್‌ಮೆಂಟಿನಲ್ಲಿ, ಅಕ್ಕಪಕ್ಕದ ಇಪ್ಪತ್ತು ಮನೆಯ ವೈಫೈ ಎಲ್ಲ 2.4ರಲ್ಲೇ ಒಂದರ ಮೇಲೊಂದು ಮಾತಾಡುವಾಗ, ರೌಟರ್ ಇರುವ ಕೋಣೆಯಲ್ಲೇ ಟಿವಿಯೂ ಇದ್ದರೆ 5 ಒಳ್ಳೆಯದು. ಮಣ್ಣಿನ ಗೋಡೆಯ ಒಂಟಿ ಮನೆಯಲ್ಲಿ 2.4 ಒಳ್ಳೆಯದು. ಅತ್ತೆಯ ಮನೆಯ ರೌಟರು ಎರಡಕ್ಕೂ ಒಂದೇ ಹೆಸರು ಇಟ್ಟುಕೊಂಡಿತ್ತು. ಟಿವಿ ಬಲಹೀನವಾದ 5ನ್ನೇ ಜಿಗಣೆಯಂತೆ ಕಚ್ಚಿಕೊಂಡಿತ್ತು. ಎರಡನ್ನೂ ಬೇರೆ ಮಾಡಿ ಎರಡು ಹೆಸರು ಕೊಟ್ಟು, ಟಿವಿಗೆ 2.4ರದ್ದನ್ನು ತೋರಿಸಬೇಕು. ಎರಡು ನಿಮಿಷದ ಕೆಲಸ.

ಬ್ರೌಸರಿನಲ್ಲಿ 192.168.1.1 ಎಂದು ಒತ್ತಿದೆ. ಪುಟ ತೆರೆಯಿತು, ಪಾಸ್‌ವರ್ಡ್ ಕೇಳಿತು. ಹುಡುಗನಿಗೆ ಫೋನ್ ಮಾಡಿದೆ. "ಅದು ಕೊಡಂಗಿಲ್ಲ ಸರ್, ಆಫೀಸಲ್ಲಿ ಬೈತಾರೆ." ಆಫೀಸಿಗೆ ಮಾಡಿದೆ. "ಕಂಪನಿ ಪಾಲಿಸಿ." ಕೊನೆಗೆ ಆ ಪಾಸ್‌ವರ್ಡೇ ಬೇಡವಾಗುವ ದಾರಿ ಹಿಡಿದೆವು: ಅಟ್ಟದ ಮೇಲಿನಿಂದ ಲ್ಯಾನ್ ಕೇಬಲ್ ಎಳೆದು, ರೌಟರಿನ ಹಿಂದಿನ ಹಳದಿ ತೂತಿನಿಂದ ಟಿವಿಯ ಹಿಂದಿನ ತೂತಿಗೆ ಸಿಕ್ಕಿಸಿದೆವು. ಚಕ್ರ ಹೋಯಿತು. ಪ್ಯಾಕು ಮತ್ತೆ 50ಕ್ಕೆ ಇಳಿಯಿತು. ಕೇಬಲ್ಲಿಗೆ ಕೊಟ್ಟ ದುಡ್ಡು ಎರಡು ತಿಂಗಳು ಹೆಚ್ಚಿಗೆ ಕಟ್ಟಿದ ದುಡ್ಡಿಗಿಂತ ಕಡಿಮೆ. ನನ್ನ ಕೇಳಿದರೆ, ಜಾಗದಿಂದ ಅಲ್ಲಾಡದ ಟಿವಿಗೆ ವೈಫೈಗಿಂತ ತಂತಿಯೇ ಸರಿ. ನೋಡಲು ಚೆಂದ ಅಲ್ಲ ಅಷ್ಟೇ. (ಸ್ಟಿಕ್ ಇಟ್ಟುಕೊಂಡವರಿಗೆ ಒಂದು ಮಾತು: ಫೈರ್ ಟಿವಿ ಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಗೇಣುದ್ದವೂ ಇಲ್ಲದ ಒಂದು ಎಚ್‌ಡಿಎಂಐ ತುಂಡು ಬರುತ್ತದೆ. ಬೇಡದ್ದು ಎಂದು ಎಸೆಯಬೇಡಿ. ಸ್ಟಿಕ್ಕನ್ನು ಟಿವಿಯ ಬೆನ್ನಿನಿಂದ ಚೂರು ಈಚೆಗೆ ತಂದು, ಸಿಗ್ನಲ್ ಸಿಗುವ ಹಾಗೆ ಮಾಡುವುದೇ ಅದರ ಕೆಲಸ.)

ಆ ಹುಡುಗನ ಪಕ್ಷವೂ ಇದೆ, ಅದನ್ನು ಹೇಳದೆ ಹೋಗುವುದು ಅನ್ಯಾಯ. ಪಾಸ್‌ವರ್ಡ್ ಕೊಟ್ಟರೆ ಜನ ಏನೋ ಒತ್ತುತ್ತಾರೆ, ಇಂಟರ್ನೆಟ್ ನಿಲ್ಲುತ್ತದೆ, ಮಳೆಯಲ್ಲಿ ಬೈಕ್ ಹತ್ತಿ ಘಟ್ಟದ ದಾರಿಯಲ್ಲಿ ಮತ್ತೆ ಬರಬೇಕಾದವನು ಅವನೇ. ಆ ಓಡಾಟಕ್ಕೆ ಅವನಿಗೆ ಬೇರೆ ಸಂಬಳ ಇಲ್ಲ. ನಿಜ. ಆದರೆ ಇದಕ್ಕೆ ಮದ್ದು ಬೀಗವಲ್ಲ. ರೌಟರಿನ ಈಗಿರುವ ವ್ಯವಸ್ಥೆಯನ್ನು ಒಂದು ಫೈಲಾಗಿ ಉಳಿಸಿಟ್ಟುಕೊಳ್ಳುವ ಅನುಕೂಲ ಬಹಳಷ್ಟು ರೌಟರುಗಳಲ್ಲಿ ಇದೆ. ಕೆಟ್ಟರೆ ಅದನ್ನೇ ಹಿಂದಕ್ಕೆ ಹಾಕಬಹುದು. ಸಂಪರ್ಕದ ಲಾಗಿನ್ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟರೆ, ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ರೀಸೆಟ್ ಮಾಡಿದ ಮೇಲೂ ಮತ್ತೆ ಸರಿಮಾಡಿಕೊಳ್ಳಬಹುದು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವ ಅತ್ತೆಗೆ ಇದು ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಸುರಕ್ಷತೆಗಾಗಿ ಕೀಲಿ ಕಂಪನಿಯ ಹತ್ತಿರ ಇರಬೇಕು ಎಂಬ ವಾದವೂ ಇದೆ. ಅದಕ್ಕೆ 2016ರ ಜರ್ಮನಿಯನ್ನು ನೋಡಬೇಕು. ಆ ವರ್ಷದ ಆಗಸ್ಟ್ 1ರಿಂದ ಅಲ್ಲಿ ಕಾನೂನೇ ಬಂತು: ಕಂಪನಿ ಕೊಟ್ಟ ರೌಟರನ್ನೇ ಬಳಸಬೇಕೆಂಬ ಒತ್ತಾಯವಿಲ್ಲ, ಗ್ರಾಹಕ ತನಗೆ ಬೇಕಾದ್ದನ್ನು ತಂದು ಹಾಕಿಕೊಳ್ಳಬಹುದು, ಸಂಪರ್ಕಕ್ಕೆ ಬೇಕಾದ ಲಾಗಿನ್ ವಿವರವನ್ನು ಕಂಪನಿ ಕೊಡಲೇಬೇಕು. ಅದೇ ವರ್ಷ ನವೆಂಬರಿನಲ್ಲಿ, ಕಂಪನಿಗಳು ದೂರದಿಂದ ರೌಟರ್ ನಿರ್ವಹಿಸಲೆಂದು ಬಳಸುವ ಬಾಗಿಲನ್ನೇ ಗುರಿಯಾಗಿಸಿದ ದಾಳಿ ನಡೆದು, ಡಾಯ್ಚ ಟೆಲಿಕಾಮಿನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕೆಟ್ಟು ನಿಂತಿತು. ದೊಡ್ಡವರ ಕೈಯಲ್ಲಿದ್ದರೆ ಕೀಲಿ ಕಳುವಾಗುವುದಿಲ್ಲ ಎಂದೇನಿಲ್ಲ. ಕಳುವಾದರೆ ಒಂದು ಮನೆಯದ್ದಲ್ಲ, ಊರಿಗೆ ಊರಿನದ್ದೇ ಆಗುತ್ತದೆ.

2016 ನಮಗೂ ನೆನಪಿರಬೇಕಾದ ವರ್ಷ. ಆ ಫೆಬ್ರವರಿಯಲ್ಲಿ ಟ್ರಾಯ್, ಯಾವ ವೆಬ್‌ಸೈಟು ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ಹಾಕುವುದನ್ನು ನಿಷೇಧಿಸಿತು; ಫೇಸ್‌ಬುಕ್ಕಿನ ಫ್ರೀ ಬೇಸಿಕ್ಸ್ ಇಲ್ಲಿಂದ ಗಂಟು ಕಟ್ಟಿತು. ನಾನಾಗ ಇನ್ನೂ ವಿದ್ಯಾರ್ಥಿ. ಕ್ಯಾಂಟೀನಿನಲ್ಲಿ ಕೂತು ಟ್ರಾಯ್‌ಗೆ ಇಮೇಲ್ ಕಳಿಸಿದ ಗುಂಪಿನಲ್ಲಿದ್ದೆ. ಇಂಟರ್ನೆಟ್ಟಿನ ದಾರಿ ಎಲ್ಲರಿಗೂ ಒಂದೇ ಆಗಿರಬೇಕು ಎಂದು ಅಷ್ಟು ಜೋರಾಗಿ ಕೂಗಿದವರು, ಅದೇ ದಾರಿ ನಮ್ಮ ಹೊಸ್ತಿಲು ದಾಟಿದ ಕೂಡಲೇ ಸುಮ್ಮನಾದೆವು. ಬೀದಿಯವರೆಗೆ ಸ್ವಾತಂತ್ರ್ಯ, ನಡುಮನೆಯಲ್ಲಿ ಕಂಪನಿ ಪಾಲಿಸಿ.

ಇಷ್ಟಕ್ಕೂ ಸಾಹಿತ್ಯದ ಪತ್ರಿಕೆಯಲ್ಲಿ ಇದೇಕೆ ಎಂದು ಕೇಳುವವರಿದ್ದಾರೆ. ನಮ್ಮ ವಿಭಾಗದಲ್ಲೇ ಕೇಳಿದರು. ನಾನು ಉಲ್ಟಾ ಕೇಳುತ್ತೇನೆ: ಮನೆಬಳಕೆಯ ತಿಳಿವಳಿಕೆ ಕನ್ನಡ ಸಾಹಿತ್ಯದ ಹೊರಗೆ ಹೋದದ್ದು ಯಾವಾಗ? ಸುಮಾರು ಸಾವಿರ ವರ್ಷದ ಹಿಂದೆ ಇಮ್ಮಡಿ ಚಾವುಂಡರಾಯ 'ಲೋಕೋಪಕಾರ' ಬರೆದ. ನೆಲದಡಿಯ ನೀರನ್ನು ಗುರುತಿಸುವುದು ಹೇಗೆ, ಮನೆ ಕಟ್ಟುವುದು ಹೇಗೆ, ಗಿಡದ ರೋಗಕ್ಕೆ ಏನು ಮಾಡಬೇಕು, ಅಡುಗೆ, ಸುಗಂಧ, ವಿಷಕ್ಕೆ ಮದ್ದು, ಎಲ್ಲ ಅದರಲ್ಲಿದೆ. ಆಮೇಲೆ ಮೂರನೆಯ ಮಂಗರಸ ಅಡುಗೆಯನ್ನೇ 'ಸೂಪಶಾಸ್ತ್ರ'ವೆಂದು ಷಟ್ಪದಿಯಲ್ಲಿ ಹಾಡಿದ. ಶಿವರಾಮ ಕಾರಂತರು ಕಾದಂಬರಿ ಬರೆಯುವ ಕೈಯಲ್ಲೇ 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಇವರಿಗೆ ಯಾರೂ "ಇದು ಟೆಕ್ನಿಕಲ್, ನಮ್ಮದಲ್ಲ" ಎಂದು ಹೇಳಿಕೊಟ್ಟಿರಲಿಲ್ಲ. ಬಾವಿ ಎಲ್ಲಿ ತೋಡಬೇಕು ಎಂಬುದು ಕನ್ನಡದ ಕವಿಗೆ ವಿಷಯವಾಗಬಹುದಾದರೆ, ರೌಟರ್ ಎಲ್ಲಿ ನೇತುಹಾಕಬೇಕು ಎಂಬುದು ನಮಗೇಕೆ ಆಗಬಾರದು? ಎರಡೂ ಒಂದೇ ಬಗೆಯ ಪ್ರಶ್ನೆ: ಮನೆಯೊಳಗೆ ಬರಬೇಕಾದ್ದು ಎಲ್ಲಿಂದ, ಯಾವ ದಾರಿಯಲ್ಲಿ ಬರಬೇಕು.

ನಾವು ಮಾಡುತ್ತಿರುವುದೇನು? ಸೆಮಿನಾರುಗಳಲ್ಲಿ ಡಿಜಿಟಲ್ ವಸಾಹತುಶಾಹಿ ಎಂದು ಪ್ರಬಂಧ ಮಂಡಿಸುತ್ತೇವೆ. ಮಂಡಿಸಿದವರ ಮನೆಯ ರೌಟರಿಗೆ ಇನ್ನೂ ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡೇ ಇರುತ್ತದೆ. ಇನ್ನೊಂದು ಗುಂಪು ರೌಟರಿಗೆ ಕನ್ನಡದಲ್ಲಿ ಏನನ್ನಬೇಕು ಎಂದು ಜಗಳಕ್ಕೆ ಕೂತಿದೆ. ರೌಟರಿಗೆ ರೌಟರ್ ಎನ್ನಿ, ಯಾರಿಗೂ ತೊಂದರೆಯಿಲ್ಲ. ಕನ್ನಡದಲ್ಲಿ ಇಲ್ಲದಿರುವುದು ಪದವಲ್ಲ, ವಾಕ್ಯ. "ಫೋನಿನ ಚಿತ್ರವನ್ನು ಟಿವಿಗೆ ಕಳಿಸಬೇಕಾದರೆ ಫೋನೂ ಟಿವಿಯೂ ಒಂದೇ ವೈಫೈಯಲ್ಲಿ ಇರಬೇಕು, ಒಂದು ಗೆಸ್ಟ್ ಹೆಸರಿನಲ್ಲಿ, ಇನ್ನೊಂದು ಮನೆಯ ಹೆಸರಿನಲ್ಲಿ ಇದ್ದರೆ ರೌಟರು ಸಾಮಾನ್ಯವಾಗಿ ನಡುವೆ ಗೋಡೆ ಹಾಕಿರುತ್ತದೆ" ಎಂಬ ವಾಕ್ಯ. ಅಷ್ಟು ತಿಳಿದರೆ ಎಷ್ಟು ಮನೆಯ ಎಷ್ಟು ಸಂಜೆಗಳು ಉಳಿಯುತ್ತವೆ!

ಇದೇ ಗೋಡೆ ನಮ್ಮ ಹಾಸ್ಟೆಲಿನಲ್ಲೂ ಇದೆ. ಅಲ್ಲಿ ನಾನು ಅದನ್ನು ಸಮರ್ಥಿಸುತ್ತೇನೆ. ನೂರಾರು ಮಂದಿ ಒಂದೇ ವೈಫೈಯಲ್ಲಿರುವಾಗ ಪಕ್ಕದ ಕೋಣೆಯವನು ನನ್ನ ಲ್ಯಾಪ್‌ಟಾಪಿಗೆ ಇಣುಕಬಾರದು. ಅದಕ್ಕಾಗಿ ಕಾಮನ್ ರೂಮಿನ ಟಿವಿಗೆ ಫೋನಿನಿಂದ ಕ್ರಿಕೆಟ್ ಕಳಿಸಲು ಆಗದಿದ್ದರೂ ಸರಿ. ಮನೆಯಲ್ಲಿ ಅದೇ ಗೋಡೆ ಅಡ್ಡಿ. ಒಂದೇ ಸೆಟ್ಟಿಂಗು, ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಅಲ್ಲಿ ಬದುಕುವವರಿಗಲ್ಲದೆ ಇನ್ಯಾರಿಗೆ ಇದು ಗೊತ್ತಾಗಬೇಕು? ಊರೆಲ್ಲ ಒಂದೇ ಅಚ್ಚಿನಲ್ಲಿ ಹೊಯ್ದು ಬೀಗ ಹಾಕಿ ಹೋಗುವ ಆಫೀಸಿಗಂತೂ ಗೊತ್ತಾಗುವುದಿಲ್ಲ.

ಹೊಸ ಸಂಪರ್ಕ ತೆಗೆದುಕೊಳ್ಳುವವರು ಸಹಿ ಹಾಕುವ ಮೊದಲು ಕೇಳಿ: ಅಡ್ಮಿನ್ ಪಾಸ್‌ವರ್ಡ್ ಕೊಡುತ್ತೀರಾ, ನನ್ನದೇ ರೌಟರ್ ಹಾಕಿಕೊಳ್ಳಬಹುದಾ, ಫೈಬರನ್ನು ಟಿವಿ ಇರುವ ಕೋಣೆಯವರೆಗೆ ಎಳೆಯುತ್ತೀರಾ. ಕೊಡುವವರು ಇದ್ದಾರೆ, ನಮ್ಮ ಬೀದಿಯ ಸಣ್ಣ ಕೇಬಲ್ ಆಪರೇಟರ್ ಒಬ್ಬರು ಕೇಳಿದ ಕೂಡಲೇ ರೌಟರಿನ ಬೆನ್ನಿಗೆ ಚೀಟಿ ಅಂಟಿಸಿ ಕೊಟ್ಟರು. ಕೈಗೆ ಬಂದ ದಿನವೇ ಆ ಪಾಸ್‌ವರ್ಡ್ ಬದಲಾಯಿಸಿ. ಕೊಡುವುದಿಲ್ಲ ಎಂದವರಿಂದ ಆ ಮಾತನ್ನು ಬರಹದಲ್ಲಿ ಪಡೆದು ಟ್ರಾಯ್‌ಗೆ ಕಳಿಸಿ. ಫ್ರೀ ಬೇಸಿಕ್ಸ್ ಕಾಲದಲ್ಲಿ ಇಮೇಲ್ ಬರೆದ ಕೈಗಳು ಇನ್ನೂ ಇವೆ. ಈ ಸಲ ಕನ್ನಡದಲ್ಲೇ ಬರೆಯೋಣ.